ಅರ್ಧ ಗಟ್, ಅರ್ಧ ಪಾಲಿ: ಟೆನಿಸ್ ರಾಕೆಟ್‌ಗೆ ಎಷ್ಟು ಬಿಗಿ ಬೇಕು?

ಬೆಂಗಳೂರಿನ ಯಾವುದಾದರೂ ಸ್ಪೋರ್ಟ್ಸ್ ಅಂಗಡಿಗೆ ಹೋಗಿ "ಗಟ್ಟಿಂಗ್ ಮಾಡಿಸ್ಬೇಕು" ಅಂದರೆ ಸಾಕು, ಅಂಗಡಿಯವರು ರಾಕೆಟ್ ಕೈಗೆ ತಗೊಂಡು "ಎಷ್ಟು ಟೆನ್ಷನ್?" ಅಂತ ಕೇಳುತ್ತಾರೆ. ಬ್ಯಾಡ್ಮಿಂಟನ್ ಆಗಲಿ, ಟೆನಿಸ್ ಆಗಲಿ, ರಾಕೆಟ್‌ಗೆ ತಂತಿ ಕಟ್ಟುವುದಕ್ಕೆ ನಮ್ಮಲ್ಲಿ ಗಟ್ಟಿಂಗ್ ಅನ್ನೋದೇ ಹೆಸರು. ಗಟ್ ಅಂದರೆ ಕರುಳು. ಅಂಗಡಿಯಲ್ಲಿ ನೇತುಹಾಕಿರೋ ಪ್ಯಾಕೆಟ್‌ಗಳಲ್ಲಿ ಬಹುಪಾಲು ಇರೋದು ನೈಲಾನ್, ಇಲ್ಲವೇ ಪಾಲಿಯೆಸ್ಟರ್. ಕರುಳು ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ನಾಲಿಗೆಯಲ್ಲಿ ಉಳಿದಿದೆ.

ಆದರೆ ಟೆನಿಸ್‌ನ ತುತ್ತತುದಿಯಲ್ಲಿ ನಿಜವಾದ ಗಟ್ ಯಾವತ್ತೂ ಹೋಗಲೇ ಇಲ್ಲ. ರೋಜರ್ ಫೆಡರರ್, ಸೆರೆನಾ ವಿಲಿಯಮ್ಸ್, ನೊವಾಕ್ ಜೊಕೊವಿಚ್, ಆಂಡಿ ಮರ್ರೆ, ಈ ನಾಲ್ವರೂ ಗೆದ್ದ ದೊಡ್ಡ ಕಪ್‌ಗಳ ಹಿಂದೆ ಅರ್ಧ ಕರುಳು, ಅರ್ಧ ಪಾಲಿಯೆಸ್ಟರ್ ಸೇರಿಸಿ ಕಟ್ಟಿದ ರಾಕೆಟ್ ಇದೆ. ಇದಕ್ಕೆ ಹೈಬ್ರಿಡ್ ಅಂತಾರೆ. ಇದನ್ನು ಕಟ್ಟಿಸೋಕೆ ಹೋದಾಗ ಅಂಗಡಿಯವರ ಪ್ರಶ್ನೆಗೆ ಎರಡು ಉತ್ತರ ಕೊಡಬೇಕಾಗುತ್ತದೆ, ಉದ್ದದ ತಂತಿಗೆ ಒಂದು ನಂಬರ್, ಅಡ್ಡದ ತಂತಿಗೆ ಇನ್ನೊಂದು. ಬಹಳಷ್ಟು ಜನ ಅಲ್ಲೇ ತಡಬಡಾಯಿಸಿ, ಫೋನಿನಲ್ಲಿ ಹುಡುಕಿ, ಯಾವನೋ ಚಾಂಪಿಯನ್ನಿನ ನಂಬರನ್ನೇ ಹೇಳಿಬಿಡುತ್ತಾರೆ. ದುಡ್ಡೂ ಹೋಗುತ್ತೆ, ಕೆಲವರಿಗೆ ಮೊಣಕೈಯೂ ಹೋಗುತ್ತೆ. ಆ ಎರಡು ನಂಬರ್‌ಗಳನ್ನು ನಿಮಗೆ ನೀವೇ ಲೆಕ್ಕ ಹಾಕಿಕೊಳ್ಳೋದು ಹೇಗೆ ಅನ್ನೋದು ಈ ಬರಹದ ವಿಷಯ.

ಹಾಸು ಮತ್ತು ಹೊಕ್ಕು

ಮಗ್ಗ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ರಾಕೆಟ್‌ನ ಮೇಲಿನಿಂದ ಹಿಡಿಯ ಕಡೆಗೆ ಬರುವ ಉದ್ದದ ತಂತಿಗಳು ಹಾಸು, ಅವುಗಳ ನಡುವೆ ಒಂದು ಮೇಲೆ ಒಂದು ಕೆಳಗೆ ಹಾಯುವ ಅಡ್ಡದ ತಂತಿಗಳು ಹೊಕ್ಕು. ಅಂಗಡಿ ಭಾಷೆಯಲ್ಲಿ ಇವು ಮೇನ್ ಮತ್ತು ಕ್ರಾಸ್. ರಾಕೆಟ್ ಮೇಲೆ 16x19 ಅಂತ ಬರೆದಿದ್ದರೆ 16 ಮೇನ್, 19 ಕ್ರಾಸ್ ಅಂತ ಅರ್ಥ.

ಇವೆರಡೂ ಸಮಾನ ಪಾಲುದಾರರಲ್ಲ. ಚೆಂಡು ಬಡಿದಾಗ ಹೆಚ್ಚಿನ ಹೊರೆ ಹೊರುವುದು ಮೇನ್, ಪಕ್ಕಕ್ಕೆ ಸರಿಯುವುದು ಮೇನ್, ಸಾಮಾನ್ಯವಾಗಿ ಮೊದಲು ತುಂಡಾಗುವುದೂ ಮೇನ್. ರಾಕೆಟ್ ಕೈಯಲ್ಲಿ ಮೃದುವಾಗಿದೆಯೋ ಗಡುಸಾಗಿದೆಯೋ ಅನ್ನೋದನ್ನು ಬಹುಮಟ್ಟಿಗೆ ಅದೇ ತೀರ್ಮಾನಿಸುತ್ತೆ. ಕ್ರಾಸ್‌ನ ಕೆಲಸ ಮೇನ್ ಎಷ್ಟು ಸರಿಯಬೇಕು, ಎಷ್ಟು ಬೇಗ ವಾಪಸ್ ಬರಬೇಕು ಅನ್ನೋದನ್ನು ಹಿಡಿತದಲ್ಲಿಡುವುದು. ಹಾಗಾಗಿ ಗಟ್ ಎಲ್ಲಿ, ಪಾಲಿ ಎಲ್ಲಿ ಅನ್ನೋದು ಮೊದಲ ಪ್ರಶ್ನೆ. ನಂಬರ್ ಆಮೇಲೆ.

ಕರುಳಿನ ತಂತಿ

1875ರಲ್ಲಿ ಫ್ರಾನ್ಸ್‌ನ ಲಿಯೋನ್ ನಗರದಲ್ಲಿ ಪಿಯರ್ ಬಾಬೊಲಾ ಟೆನಿಸ್‌ಗಾಗಿ ಮೊದಲ ತಂತಿ ತಯಾರಿಸಿದ ಅಂತ ಆ ಕುಟುಂಬದ ಕಂಪನಿ ಹೇಳಿಕೊಳ್ಳುತ್ತೆ. ಆಗ ಬಳಸಿದ್ದು ಕುರಿಯ ಕರುಳು. ಇವತ್ತಿನ ನ್ಯಾಚುರಲ್ ಗಟ್ ಮುಖ್ಯವಾಗಿ ಹಸುವಿನ ಸಣ್ಣ ಕರುಳಿನ ಹೊರಪದರದಿಂದ ಬರುತ್ತೆ. ಆ ಪದರವನ್ನು ಬಿಡಿಸಿ, ತೊಳೆದು, ಸಣ್ಣ ಪಟ್ಟಿಗಳಾಗಿ ಸೀಳಿ, ಹಲವು ಪಟ್ಟಿಗಳನ್ನು ಒಟ್ಟಿಗೆ ಹುರಿಹಾಕಿ, ಒಣಗಿಸಿ, ನುಣುಪಾಗಿ ಉಜ್ಜಿ, ಮೇಲೆ ನೀರು ತಾಗದಂತೆ ಲೇಪ ಕೊಡುತ್ತಾರೆ. ಒಂದು ರಾಕೆಟ್ಟಿನ ತಂತಿಗೆ ಒಂದಕ್ಕಿಂತ ಹೆಚ್ಚು ಪ್ರಾಣಿಯ ಕರುಳು ಬೇಕು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕೋಕೆ ಬಳಸುತ್ತಿದ್ದ ಕ್ಯಾಟ್‌ಗಟ್ ಕೂಡ ಇದೇ ಜಾತಿಯದ್ದು. ಹೆಸರಲ್ಲಿ ಬೆಕ್ಕಿದ್ದರೂ ಬೆಕ್ಕಿಗೂ ಅದಕ್ಕೂ ಸಂಬಂಧವಿಲ್ಲ.

ಪ್ಯಾಕೆಟ್ ಮೇಲೆ "ನ್ಯಾಚುರಲ್" ಅನ್ನೋ ಪದ ದೊಡ್ಡದಾಗಿ ಇರುತ್ತೆ, ಹಸು ಅನ್ನೋ ಪದ ಕಣ್ಣಿಗೆ ಬೀಳೋದು ಅಪರೂಪ. 2020ರ ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ ಬಂದಾಗ ಮಾಂಸ, ಚರ್ಮ, ರೈತನ ಮನೆಯ ಮುದಿ ಎತ್ತು ಎಲ್ಲವೂ ಚರ್ಚೆಗೆ ಬಂದವು. ಕ್ಲಬ್ಬುಗಳ ರಾಕೆಟ್ ತಂತಿ ಬಂದದ್ದು ನಾನಂತೂ ಕಾಣೆ. ಯಾರ ತಟ್ಟೆಯಲ್ಲಿ ಏನಿದೆ ಅಂತ ಇಣುಕುವ ಸಮಾಜ ಯಾರ ಕಿಟ್ ಬ್ಯಾಗಿನಲ್ಲಿ ಏನಿದೆ ಅಂತ ಇಣುಕೋದಿಲ್ಲ. ಅದೇನೇ ಇರಲಿ, ಕೊಳ್ಳುವವರಿಗೆ ತಾವೇನು ಕೊಳ್ಳುತ್ತಿದ್ದೇವೆ ಅನ್ನೋದು ಗೊತ್ತಿರಬೇಕು. ನಂಬಿಕೆಯ ಕಾರಣಕ್ಕೋ, ಪ್ರಾಣಿಗಳ ಮೇಲಿನ ಕಾಳಜಿಗೋ ಬೇಡ ಅನ್ನುವವರಿಗೆ ಮಲ್ಟಿಫಿಲಮೆಂಟ್ ಅನ್ನೋ ಪರ್ಯಾಯ ಇದೆ. ಸಾವಿರಾರು ಸಣ್ಣ ನೈಲಾನ್ ಎಳೆಗಳನ್ನು ಸೇರಿಸಿ ಮಾಡಿದ ತಂತಿ ಅದು. ಗಟ್‌ನಷ್ಟು ಜೀವ ಅದಕ್ಕಿಲ್ಲ, ಬಿಗಿಯನ್ನೂ ಅಷ್ಟು ದಿನ ಹಿಡಿದಿಡೋದಿಲ್ಲ, ಆದರೆ ಮೃದುತನದಲ್ಲಿ ಹತ್ತಿರ ಬರುತ್ತೆ. ಮುಂದೆ ಗಟ್‌ಗೆ ಹೇಳುವ ನಂಬರ್‌ಗಳಿಗಿಂತ ಒಂದೆರಡು ಪೌಂಡ್ ಕಡಿಮೆ ಇಟ್ಟುಕೊಂಡರೆ ಅದಕ್ಕೂ ಲೆಕ್ಕ ಸರಿಹೋಗುತ್ತೆ.

ಇಷ್ಟು ವರ್ಷ ಪ್ರಯೋಗಾಲಯಗಳು ಒದ್ದಾಡಿದರೂ ಗಟ್ ಯಾಕೆ ಸೋತಿಲ್ಲ? ಕರುಳಿನ ಕೊಲಾಜನ್ ನಾರುಗಳು ಸ್ಪ್ರಿಂಗ್ ಥರ ಎಳೆದರೆ ಹಿಗ್ಗುತ್ತವೆ, ಬಿಟ್ಟರೆ ಪೂರ್ತಿ ವಾಪಸ್ ಬರುತ್ತವೆ. ಬಹಳ ಬಿಗಿಯಾಗಿ ಕಟ್ಟಿದರೂ ಗಟ್ ಗಡುಸಾಗೋದಿಲ್ಲ. ಪೀಟ್ ಸಾಂಪ್ರಾಸ್ ಪೂರ್ತಿ ಗಟ್ ಹಾಕಿಸಿ 70 ಪೌಂಡ್‌ಗೂ ಮೇಲೆ ಬಿಗಿಸಿ ಆಡುತ್ತಿದ್ದರು. ಅದೇ ಬಿಗಿಯಲ್ಲಿ ಪಾಲಿ ಹಾಕಿದರೆ ರಾಕೆಟ್ ಹಲಗೆಯ ಥರ ಆಗುತ್ತೆ. ಇನ್ನೊಂದು ಗುಣ, ಕಟ್ಟಿದ ಬಿಗಿಯನ್ನು ವಾರಗಟ್ಟಲೆ ಉಳಿಸಿಕೊಳ್ಳುವುದರಲ್ಲಿ ಗಟ್‌ಗೆ ಸಾಟಿಯಾದ ತಂತಿ ಇಲ್ಲ. ಈ ಎರಡನೇ ಗುಣ ಮುಂದೆ ನಂಬರ್ ಲೆಕ್ಕದಲ್ಲಿ ಬಹಳ ಮುಖ್ಯವಾಗುತ್ತೆ.

ಪಾಲಿ ಬಂದದ್ದು

1997ರಲ್ಲಿ ಗುಸ್ತಾವೊ ಕುಯೆರ್ಟೆನ್ ಅನ್ನೋ ಬ್ರೆಜಿಲ್‌ನ ಹುಡುಗ, ರ‍್ಯಾಂಕಿಂಗ್‌ನಲ್ಲಿ 66ನೇ ಸ್ಥಾನದಲ್ಲಿದ್ದವನು, ಫ್ರೆಂಚ್ ಓಪನ್ ಗೆದ್ದುಬಿಟ್ಟ. ಅವನ ರಾಕೆಟ್‌ನಲ್ಲಿದ್ದದ್ದು ಬೆಲ್ಜಿಯಂನ ಲಕ್ಸಿಲಾನ್ ಕಂಪನಿಯ ಪಾಲಿಯೆಸ್ಟರ್ ತಂತಿ. ಒಂದೇ ಎಳೆಯ, ನುಣುಪಾದ, ಗಡುಸಾದ ತಂತಿ. ನೀರಿನ ಬಾಟಲಿ, ಪಾಲಿಯೆಸ್ಟರ್ ಸೀರೆ ಯಾವ ಕುಟುಂಬದ್ದೋ ಇದೂ ಅದೇ ಕುಟುಂಬದ್ದು. ಮುಂದಿನ ಕೆಲವೇ ವರ್ಷಗಳಲ್ಲಿ ಆಟವೇ ಬದಲಾಯಿತು. ಪೂರ್ತಿ ಶಕ್ತಿ ಹಾಕಿ ಹೊಡೆದರೂ ಚೆಂಡು ಗೆರೆಯೊಳಗೆ ಬಾಗಿ ಬೀಳುವ ಆ ಟಾಪ್‌ಸ್ಪಿನ್ ಪಾಲಿಯ ಕೊಡುಗೆ.

ಅದರ ಗುಟ್ಟು ನುಣುಪಿನಲ್ಲಿದೆ. ಚೆಂಡನ್ನು ಕೆಳಗಿನಿಂದ ಮೇಲೆ ಸವರಿ ಹೊಡೆದಾಗ ಮೇನ್ ತಂತಿಗಳು ಚೆಂಡಿನ ಜೊತೆ ಪಕ್ಕಕ್ಕೆ ಜಾರುತ್ತವೆ. ಚೆಂಡು ರಾಕೆಟ್ ಬಿಡೋ ಮುಂಚೆಯೇ ಅವು ಚಟ್ಟನೆ ಸ್ವಸ್ಥಾನಕ್ಕೆ ಮರಳಿದರೆ ಚೆಂಡಿಗೆ ಹೆಚ್ಚುವರಿ ತಿರುವು ಸಿಗುತ್ತೆ. ತಂತಿ ತಂತಿಗೆ ಅಂಟಿಕೊಂಡರೆ ಈ ಮರಳುವಿಕೆ ಆಗೋದಿಲ್ಲ. ಹಾಗಾಗಿ ಸ್ಪಿನ್ ತಂತಿಯ ಒರಟುತನದಿಂದ ಬರುತ್ತೆ ಅನ್ನೋ ಸಾಮಾನ್ಯ ನಂಬಿಕೆ ಬಹುಮಟ್ಟಿಗೆ ತಲೆಕೆಳಗು.

ಪಾಲಿಯ ಖಾಯಿಲೆ ಎರಡು. ಒಂದು, ಗಡುಸು, ಏಟಿನ ಆಘಾತ ನೇರ ಕೈಗೆ ಬರುತ್ತೆ. ಎರಡು, ಬೇಗ ಸಾಯುತ್ತೆ. ತುಂಡಾಗದೆ ತಿಂಗಳುಗಟ್ಟಲೆ ಇರಬಹುದು, ಆದರೆ ಬಿಗಿ ಮೊದಲ ದಿನದಿಂದಲೇ ಇಳಿಯುತ್ತಾ ಹೋಗಿ, ಹತ್ತು ಹದಿನೈದು ಗಂಟೆ ಆಡುವಷ್ಟರಲ್ಲಿ ಮರಳುವ ಗುಣವೇ ಕಮ್ಮಿಯಾಗುತ್ತೆ. ಸತ್ತ ಪಾಲಿಯಲ್ಲಿ ಆಡುವವರೇ ನಮ್ಮಲ್ಲಿ ಹೆಚ್ಚು, ಯಾಕಂದರೆ ತುಂಡಾಗದ ತಂತಿಯನ್ನು ಕತ್ತರಿಸಿ ಬಿಸಾಕೋಕೆ ಮಧ್ಯಮ ವರ್ಗದ ಮನಸ್ಸು ಒಪ್ಪೋದಿಲ್ಲ.

ಯಾವುದು ಮೇನ್, ಯಾವುದು ಕ್ರಾಸ್?

ಫೆಡರರ್, ಸೆರೆನಾ, ಜೊಕೊವಿಚ್ ಆರಿಸಿಕೊಂಡದ್ದು ಮೇನ್‌ನಲ್ಲಿ ಗಟ್, ಕ್ರಾಸ್‌ನಲ್ಲಿ ಪಾಲಿ. ಗಟ್‌ನ ಮೃದುತನ ಮತ್ತು ಪುಟಿತ ಕೈಗೆ ಸಿಗುತ್ತೆ, ಗಟ್ ಮೇಲೆ ಗಟ್ ಅಂಟಿಕೊಳ್ಳುವ ಸಮಸ್ಯೆ ನುಣುಪಾದ ಪಾಲಿಯಿಂದ ತಪ್ಪುತ್ತೆ, ಮೇನ್ ಜಾರಿ ಮರಳುತ್ತೆ. ಪೂರ್ತಿ ಗಟ್‌ನಲ್ಲಿ ಚೆಂಡು ಹತೋಟಿ ತಪ್ಪಿ ಹಾರುವ ಭಯ ಇರುತ್ತಲ್ಲ, ಅದಕ್ಕೂ ಪಾಲಿ ಕಡಿವಾಣ ಹಾಕುತ್ತೆ.

ಮರ್ರೆಯದ್ದು ಉಲ್ಟಾ, ಮೇನ್‌ನಲ್ಲಿ ಪಾಲಿ, ಕ್ರಾಸ್‌ನಲ್ಲಿ ಗಟ್. ಇದು ಮೂಲತಃ ಪಾಲಿ ರಾಕೆಟ್ಟೇ, ಗಟ್ ಅದರ ಗಡುಸನ್ನು ಸ್ವಲ್ಪ ತಗ್ಗಿಸುತ್ತೆ ಅಷ್ಟೆ. ವೇಗವಾಗಿ ಬೀಸಿ ಹೊಡೆಯುವ, ಗಟ್ ಮೇನ್‌ಗಳನ್ನು ವಾರಕ್ಕೊಂದು ಕಿತ್ತುಹಾಕುವ ಆಟಗಾರರಿಗೆ ಇದು ಸರಿ. ಉಳಿದವರಿಗೆ, ಅದರಲ್ಲೂ ಕೈನೋವಿನ ಕಾರಣಕ್ಕೇ ಹೈಬ್ರಿಡ್ ಕಡೆ ಬಂದವರಿಗೆ, ಮೇನ್‌ನಲ್ಲಿ ಗಟ್ ಇರುವುದೇ ಉತ್ತಮ ಅನ್ನೋದು ನನ್ನ ಖಚಿತ ಅಭಿಪ್ರಾಯ. ದುಬಾರಿ ತಂತಿಯನ್ನು ಕಡಿಮೆ ಕೆಲಸ ಮಾಡುವ ಜಾಗದಲ್ಲಿ ಹಾಕಿ ಏನು ಪ್ರಯೋಜನ?

ಒಂದು ಎಚ್ಚರಿಕೆ. ಕ್ರಾಸ್‌ಗೆ ಪಾಲಿ ಆರಿಸುವಾಗ ದುಂಡಗಿನ, ನುಣುಪಾದದ್ದನ್ನೇ ಆರಿಸಿ. ಐದು ಮೂಲೆ, ಆರು ಮೂಲೆ ಇರುವ ತಂತಿಗಳು ಗಟ್‌ನ್ನು ಗರಗಸದ ಹಾಗೆ ಕೊಯ್ಯುತ್ತವೆ. ಗಟ್ 1.30 ಮಿಲಿಮೀಟರ್ ದಪ್ಪದ್ದು, ಪಾಲಿ 1.25 ಅಥವಾ ಅದಕ್ಕೂ ತೆಳುವಾದದ್ದು ಇದ್ದರೆ ಜೋಡಿ ಚೆನ್ನಾಗಿರುತ್ತೆ.

ಈಗ ನಂಬರ್

ಅಂಗಡಿಗಳಲ್ಲಿ ಲೆಕ್ಕ ನಡೆಯೋದು ಪೌಂಡ್‌ನಲ್ಲಿ. ಒಂದು ಪೌಂಡ್ ಅಂದರೆ ಸುಮಾರು 0.45 ಕೆಜಿ, 55 ಪೌಂಡ್ ಅಂದರೆ ಹತ್ತಿರ ಹತ್ತಿರ 25 ಕೆಜಿ. ರಾಕೆಟ್‌ನ ಚೌಕಟ್ಟಿನ ಮೇಲೆ ತಯಾರಕರು 50–60 ಅಂತಲೋ 48–58 ಅಂತಲೋ ಒಂದು ಮಿತಿ ಮುದ್ರಿಸಿರುತ್ತಾರೆ. ಅದನ್ನು ಮೀರಬೇಡಿ.

ಬಿಗಿ ಹೆಚ್ಚಾದರೆ ಚೆಂಡು ತಗ್ಗಿ ಹೋಗುತ್ತೆ, ಗಿಡ್ಡಾಗಿ ಬೀಳುತ್ತೆ, ಹತೋಟಿ ಸಿಕ್ಕ ಹಾಗೆ ಅನಿಸುತ್ತೆ. ಸಡಿಲವಾದರೆ ಚೆಂಡು ತಂತಿಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಇದ್ದು, ಎತ್ತರದ ಕೋನದಲ್ಲಿ ಹೊರಟು, ಉದ್ದ ಹೋಗುತ್ತೆ. ಇದನ್ನು ನಾವು ಪವರ್ ಅಂತ ಕರೀತೀವಿ. ನಿಜಕ್ಕೂ ಚೆಂಡಿನ ವೇಗದಲ್ಲಿ ಆಗುವ ವ್ಯತ್ಯಾಸ ಬಹಳ ಕಮ್ಮಿ, ಬದಲಾಗೋದು ಹೆಚ್ಚಾಗಿ ಹೊರಡುವ ಕೋನ.

ಚಾಂಪಿಯನ್ನಿನ ನಂಬರ್ ಮರೆತು, ನೀವು ಈಗ ಯಾವ ತಂತಿಯಲ್ಲಿ ಎಷ್ಟು ಬಿಗಿಯಲ್ಲಿ ಆರಾಮಾಗಿ ಆಡ್ತಿದ್ದೀರೋ ಅಲ್ಲಿಂದ ಲೆಕ್ಕ ಶುರುಮಾಡಿ.

ನೈಲಾನ್ ಅಥವಾ ಮಲ್ಟಿಫಿಲಮೆಂಟ್‌ನಲ್ಲಿ 55ಕ್ಕೆ ಆಡ್ತಿದ್ದೀರಿ ಅಂತಿಟ್ಟುಕೊಳ್ಳೋಣ. ಗಟ್ ಮೇನ್‌ಗೆ ಅದೇ 55 ಇಡಿ. ಪಾಲಿ ಕ್ರಾಸ್‌ಗೆ 52 ಅಥವಾ 53. ಪಾಲಿ ಸಹಜವಾಗಿ ಗಡುಸಾದ್ದರಿಂದ ಅದನ್ನು ಮೇನ್‌ಗೆ ಸಮನಾಗಿ ಬಿಗಿಸಿದರೆ ಗಟ್‌ನ ಮೃದುತನ ಮುಚ್ಚಿಹೋಗುತ್ತೆ.

ಪೂರ್ತಿ ಪಾಲಿಯಲ್ಲಿ 50ಕ್ಕೆ ಆಡುವವರು ಹೈಬ್ರಿಡ್‌ಗೆ ಬರುವಾಗ ಅದೇ 50 ಹೇಳಿದರೆ ಚೆಂಡು ಹಿಂದಿನ ಬೇಲಿಗೆ ಹೋಗುತ್ತೆ, ಆಮೇಲೆ "ಗಟ್ ನಂಗೆ ಆಗಿಬರಲ್ಲ" ಅಂತಾರೆ. ಗಟ್ ಪಾಲಿಗಿಂತ ತುಂಬಾ ಪುಟಿಯುವ ತಂತಿ. ಅಂಥವರು ಮೇನ್‌ನಲ್ಲಿ 53 ಅಥವಾ 54, ಕ್ರಾಸ್‌ನಲ್ಲಿ 51 ಹೇಳಬೇಕು.

ಉಲ್ಟಾ ಹೈಬ್ರಿಡ್‌ನಲ್ಲಿ ಪಾಲಿ ಮೇನ್ 50, ಗಟ್ ಕ್ರಾಸ್ 52 ಅಥವಾ 53. ಸೂತ್ರ ಒಂದೇ, ಎಲ್ಲಿದ್ದರೂ ಪಾಲಿಗೆ ಗಟ್‌ಗಿಂತ ಎರಡು ಮೂರು ಪೌಂಡ್ ಕಡಿಮೆ.

ಈ ಅಂತರ ಎಷ್ಟಿರಬೇಕು ಅನ್ನೋದರ ಬಗ್ಗೆ ಗಟ್ಟಿಂಗ್ ಮಾಡುವವರಲ್ಲೇ ಒಮ್ಮತ ಇಲ್ಲ. ಕೆಲವರು ಐದಾರು ಪೌಂಡ್ ಇರಲಿ ಅಂತಾರೆ, ಇನ್ನು ಕೆಲವರು ಎರಡಕ್ಕೂ ಒಂದೇ ನಂಬರ್ ಸಾಕು ಅಂತಾರೆ. ಒಂದೇ ಸಾಕು ಅನ್ನುವವರ ವಾದದಲ್ಲಿ ಹುರುಳಿದೆ. ಕ್ರಾಸ್ ತಂತಿ ಒಂದೊಂದು ಮೇನ್‌ನ ಮೇಲೆ ಕೆಳಗೆ ಹಾಯುವಾಗ ಉಜ್ಜಾಟದಲ್ಲಿ ಬಿಗಿ ಕಳೆದುಕೊಳ್ಳುತ್ತೆ, ಮೆಷಿನ್ 52 ಎಳೆದರೂ ನಿಮಗೆ ಸಿಗೋದು ಅದಕ್ಕಿಂತ ಕಮ್ಮಿ. ಜೊತೆಗೆ ಮೊದಲ ವಾರದಲ್ಲೇ ಪಾಲಿ ಇಳಿಯುತ್ತೆ, ಗಟ್ ಅಷ್ಟು ಇಳಿಯೋದಿಲ್ಲ. ಅಂದರೆ ಅಂಗಡಿಯಲ್ಲಿ ನೀವು ಹೇಳಿದ ಅಂತರ ಬೇರೆ, ಹತ್ತು ದಿನದ ಮೇಲೆ ನೀವು ಆಡುತ್ತಿರುವ ಅಂತರ ಬೇರೆ. ಎರಡು ಪೌಂಡ್ ಅಂತ ಶುರುವಾದದ್ದು ತಾನಾಗಿಯೇ ಹಿಗ್ಗುತ್ತೆ. ಆದ್ದರಿಂದ ನನ್ನ ಸಲಹೆ ಎರಡರಿಂದ ಶುರುಮಾಡಿ, ನಾಲ್ಕನ್ನು ದಾಟಬೇಡಿ. ದಾಟಿದರೆ ಚೌಕಟ್ಟಿಗೂ ಒಳ್ಳೆಯದಲ್ಲ. ಮೇನ್‌ಗಳು ರಾಕೆಟ್‌ನ ತಲೆಯನ್ನು ಉದ್ದದಲ್ಲಿ ಕುಗ್ಗಿಸಿ ಅಗಲಕ್ಕೆ ಉಬ್ಬಿಸುತ್ತವೆ, ಅದನ್ನು ಮತ್ತೆ ಆಕಾರಕ್ಕೆ ಎಳೆದು ತರೋದು ಕ್ರಾಸ್‌ಗಳು. ಅವು ತೀರಾ ಸಡಿಲವಿದ್ದರೆ ತಲೆ ಉಬ್ಬಿಕೊಂಡೇ ಉಳಿಯುತ್ತೆ.

ತಿದ್ದುವಾಗ ಒಂದು ಸಲಕ್ಕೆ ಒಂದನ್ನೇ ತಿದ್ದಿ. ಚೆಂಡು ಉದ್ದ ಹೋಗುತ್ತಿದ್ದರೆ ಮೇನ್ ಎರಡು ಪೌಂಡ್ ಹೆಚ್ಚಿಸಿ. ಉದ್ದ ಸರಿಯಿದ್ದು ರಾಕೆಟ್ ಮಾತ್ರ ಗಡುಸು ಅನಿಸಿದರೆ ಕ್ರಾಸ್ ಎರಡು ಪೌಂಡ್ ಇಳಿಸಿ. ಒಂದು ಪೌಂಡಿನ ಬದಲಾವಣೆಗೆ ತಲೆ ಕೆಡಿಸಿಕೊಳ್ಳೋದು ವ್ಯರ್ಥ. ಸಿಡ್ನಿ ವಿಶ್ವವಿದ್ಯಾಲಯದ ಭೌತವಿಜ್ಞಾನಿ ರಾಡ್ ಕ್ರಾಸ್ ಮತ್ತು ಜೊತೆಗಾರರು ನುರಿತ ಆಟಗಾರರ ಕೈಗೇ ಬೇರೆ ಬೇರೆ ಬಿಗಿಯ ರಾಕೆಟ್ ಕೊಟ್ಟು ಪರೀಕ್ಷಿಸಿದಾಗ, ದೊಡ್ಡ ಅಂತರವನ್ನೂ ಬಹಳ ಮಂದಿ ಗುರುತಿಸಲಾಗಲಿಲ್ಲ. ಅರ್ಧ ಪೌಂಡಿನ ವ್ಯತ್ಯಾಸ ಗೊತ್ತಾಗುತ್ತೆ ಅನ್ನುವ ಕ್ಲಬ್ ಮಿತ್ರರಿಗೆ ಇದನ್ನು ಮೆಲ್ಲಗೆ ಹೇಳಿ.

ಊರು, ಮಳೆ, ಮೆಷಿನ್

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಗಾಳಿ ತೆಳುವಾದ್ದರಿಂದ ಚೆಂಡು ಬೇಗ ಹಾರುತ್ತೆ ಅಂತ ವೃತ್ತಿಪರರು ದೂರುವ ಮ್ಯಾಡ್ರಿಡ್ ಇರೋದು ಸುಮಾರು 650 ಮೀಟರ್‌ನಲ್ಲಿ. ಅಂತರರಾಷ್ಟ್ರೀಯ ಫೆಡರೇಷನ್ ಎತ್ತರದ ಊರುಗಳಿಗೆಂದೇ ಬೇರೆ ಚೆಂಡು ಹೇಳಿರೋದು 1,219 ಮೀಟರ್ ಮೇಲಿನ ಜಾಗಗಳಿಗೆ. ಹಾಗಾಗಿ ನಮಗೆ ಸಿಗೋದು ಮಾಮೂಲಿ ಚೆಂಡು, ಎತ್ತರದ ಗಾಳಿ. ಮಂಗಳೂರಿನಲ್ಲಿ 53ಕ್ಕೆ ಚೆನ್ನಾಗಿದ್ದ ರಾಕೆಟ್ ಕಬ್ಬನ್ ಪಾರ್ಕ್ ಅಂಕಣದಲ್ಲಿ ಸ್ವಲ್ಪ ಹಾರಿಸುತ್ತಿದೆ ಅನಿಸಿದರೆ ಅದು ನಿಮ್ಮ ಭ್ರಮೆ ಅಲ್ಲ. ಮೇನ್ ಒಂದೆರಡು ಪೌಂಡ್ ಏರಿಸಿ.

ಮಂಗಳೂರಿಗೆ ಬೇರೆ ತೊಂದರೆ ಇದೆ, ತೇವ. ಗಟ್ ನೀರು ಹೀರಿದರೆ ಉಬ್ಬುತ್ತೆ, ಎಳೆ ಬಿಚ್ಚಿಕೊಳ್ಳುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ, ಮಲೆನಾಡಿನವರು ಹೊಸದಾಗಿ ಗಟ್ ಹಾಕಿಸೋದು ದುಡ್ಡನ್ನು ಮಳೆಗೆ ಹಾಕಿದ ಹಾಗೆ. ಒದ್ದೆ ಚೆಂಡಿನಲ್ಲಂತೂ ಆಡಲೇಬೇಡಿ. ಮಣ್ಣಿನ ಅಂಕಣದ ಕಣಗಳು ತಂತಿ ಕೂಡುವ ಜಾಗದಲ್ಲಿ ಸೇರಿಕೊಂಡು ಗಟ್‌ನ್ನು ಸವೆಸುತ್ತವೆ, ಆಟ ಮುಗಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ. ಕಲಬುರಗಿ, ರಾಯಚೂರಿನ ಬಿಸಿಲಲ್ಲಿ ಕಾರಿನೊಳಗೆ ರಾಕೆಟ್ ಬಿಟ್ಟರೆ ಪಾಲಿ ಇನ್ನೂ ಬೇಗ ಸಡಿಲಾಗುತ್ತೆ.

ಮೆಷಿನ್ ಯಾವುದು ಅಂತಲೂ ಕೇಳಿ. ಕೈಯಲ್ಲಿ ತಿರುಗಿಸುವ ಮೆಷಿನ್ ಹೇಳಿದ ಬಿಗಿ ಮುಟ್ಟಿದ ಕೂಡಲೇ ಲಾಕ್ ಆಗುತ್ತೆ, ಆಮೇಲೆ ತಂತಿ ಹಿಗ್ಗಿದ್ದನ್ನು ಅದು ಎಳೆಯೋದಿಲ್ಲ. ಎಲೆಕ್ಟ್ರಾನಿಕ್ ಮೆಷಿನ್ ಎಳೆಯುತ್ತಲೇ ಇರುತ್ತೆ. ಹಾಗಾಗಿ ಒಂದೇ ನಂಬರ್ ಹೇಳಿದರೂ ಎಲೆಕ್ಟ್ರಾನಿಕ್‌ನಲ್ಲಿ ಕಟ್ಟಿದ್ದು ಹೆಚ್ಚು ಬಿಗಿಯಾಗಿರುತ್ತೆ. ಅಂಗಡಿ ಬದಲಿಸಿದಾಗ "ಅದೇ ನಂಬರ್, ಬೇರೆ ಥರ ಇದೆ" ಅನ್ನೋ ದೂರಿಗೆ ಬಹಳ ಸಲ ಇದೇ ಕಾರಣ. ಗಟ್ ಮಡಚಿಕೊಂಡರೆ ಅಲ್ಲೇ ಮುರಿಯುತ್ತೆ, ಆದ್ದರಿಂದ ಅವಸರದ ಕೈಗೆ ಕೊಡಬೇಡಿ.

ಮೊಣಕೈ

ಟಿವಿಯಲ್ಲಿ ನಡಾಲ್, ಅಲ್ಕರಾಜ್ ನೋಡಿ ಬೆಳೆದ ಹುಡುಗರಿಗೆ ಪಾಲಿ ಅಂದರೆ ದೊಡ್ಡವರ ತಂತಿ. ಹನ್ನೆರಡು ಹದಿಮೂರು ವರ್ಷದ ಮಕ್ಕಳ ರಾಕೆಟ್‌ನಲ್ಲಿ ಪೂರ್ತಿ ಪಾಲಿ, ಅದೂ ಬಿಗಿಯಾಗಿ, ಅದೂ ತಿಂಗಳುಗಟ್ಟಲೆ ಬದಲಿಸದೆ. ವೃತ್ತಿಪರರು ಪ್ರತಿ ಪಂದ್ಯಕ್ಕೂ ಹೊಸ ತಂತಿ ಕಟ್ಟಿಸ್ತಾರೆ, ಫಿಸಿಯೋ ಪಕ್ಕದಲ್ಲೇ ಇರ್ತಾನೆ. ಈ ಮಕ್ಕಳಿಗೆ ಎರಡೂ ಇಲ್ಲ. ಬೆಳೆಯುವ ಕೈಗೆ, ಮತ್ತು ಆಫೀಸ್ ಮುಗಿಸಿ ವಾರಕ್ಕೆರಡು ದಿನ ಆಡುವ ಮೂವತ್ತರ ಕೈಗೆ, ಸತ್ತ ಪಾಲಿಯಷ್ಟು ಕೆಟ್ಟದ್ದು ಕಮ್ಮಿ. ನಿಧಾನವಾಗಿ ಬೀಸುವವರಿಗೆ ತಂತಿ ಜಾರಿ ಮರಳುವ ಲಾಭ ಹೇಗೂ ಅಷ್ಟಾಗಿ ಸಿಗೋದಿಲ್ಲ. ಅಂಥವರಿಗೆ ಹೈಬ್ರಿಡ್ ಕೂಡ ಬೇಕಿಲ್ಲ, 52ರ ಆಸುಪಾಸಿನಲ್ಲಿ ಒಂದು ಸಾಧಾರಣ ಮಲ್ಟಿಫಿಲಮೆಂಟ್ ಸಾಕು. ನೋವು ಈಗಾಗಲೇ ಶುರುವಾಗಿದ್ದರೆ ಮೊದಲು ಫಿಸಿಯೋ ಹತ್ತಿರ ಹೋಗಿ, ತಂತಿಯ ಮಾತು ಆಮೇಲೆ.

ಖರ್ಚು ಕಮ್ಮಿ ಮಾಡೋದು

ಒಳ್ಳೆಯ ಗಟ್‌ನ ಒಂದು ಸೆಟ್ ಹೊರದೇಶದಲ್ಲೇ 40 ಡಾಲರ್‌ಗೂ ಮೇಲೆ. ಆದರೆ ಒಂದು ಸೆಟ್ ಅಂದರೆ ಸುಮಾರು 12 ಮೀಟರ್, 16 ಮೇನ್ ಇರುವ ರಾಕೆಟ್‌ನ ಮೇನ್‌ಗಳಿಗೆ ಬೇಕಾಗೋದು ಹೆಚ್ಚುಕಮ್ಮಿ 6 ಮೀಟರ್. ಗಟ್ ಒಂದು ಸೆಟ್, ಪಾಲಿ ಒಂದು ಸೆಟ್ ತಗೊಂಡು ಎರಡನ್ನೂ ಅರ್ಧ ಮಾಡಿದರೆ ಎರಡು ಹೈಬ್ರಿಡ್ ಆಗುತ್ತೆ. ಗೆಳೆಯರಿಬ್ಬರು ಸೇರಿ ಕೊಂಡರೆ ಹೊರೆ ಅರ್ಧ. 18 ಮೇನ್‌ಗಳ ರಾಕೆಟ್ ಇದ್ದರೆ ಕತ್ತರಿಸೋ ಮುಂಚೆ ಅಳೆದು ನೋಡಿ.

ಯಾವಾಗ ಬದಲಿಸೋದು? ಗಟ್ ಮೊದಲೇ ಸೂಚನೆ ಕೊಡುತ್ತೆ, ಮಧ್ಯದ ಮೇನ್‌ಗಳಲ್ಲಿ ನವಿರಾದ ನಾರು ಏಳುತ್ತೆ. ನಾರು ಎದ್ದ ಮೇಲೂ ಕೆಲವು ದಿನ ಆಡಬಹುದು. ಏಟಿನ ನಂತರ ಮೇನ್ ಪಕ್ಕಕ್ಕೆ ಸರಿದು ಅಲ್ಲೇ ನಿಂತುಬಿಟ್ಟರೆ ಜಾರಿಕೆ ಮುಗಿಯಿತು ಅಂತ, ತುಂಡಾಗಲಿ ಅಂತ ಕಾಯಬೇಡಿ. ಒಂದು ತಂತಿ ತುಂಡಾದ ಕೂಡಲೇ ಉಳಿದವನ್ನೂ ಮಧ್ಯದಿಂದ ಹೊರಕ್ಕೆ ಕತ್ತರಿಸಿಬಿಡಿ, ಇಲ್ಲದಿದ್ದರೆ ಒಂದೇ ಕಡೆಯ ಎಳೆತಕ್ಕೆ ಚೌಕಟ್ಟು ಸೊಟ್ಟಗಾಗುತ್ತೆ. ಹೊಸದು ಕಟ್ಟಿಸಿದ ದಿನ ರಾಕೆಟ್‌ನ ಕತ್ತಿನ ಮೇಲೆ ಸಣ್ಣ ಚೀಟಿ ಅಂಟಿಸಿ ತಾರೀಕು, ಎರಡೂ ನಂಬರ್, ಅಂಗಡಿಯ ಹೆಸರು ಬರೆದಿಡಿ. ಮುಂದಿನ ಸಲ ಅವರು "ಎಷ್ಟು ಟೆನ್ಷನ್?" ಅಂತ ಕೇಳಿದಾಗ ಅದನ್ನೇ ತೋರಿಸಿ.